ಉತ್ತರ ಬಾರದ ಕಾಗದಗಳು

ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವ ಹುಡುಗ ಹುಡುಗಿಯರ ಪಾಡು ಸುಲಭದ್ದಲ್ಲ. ಪಿಎಚ್.ಡಿ. ಪ್ರಬಂಧದ ಕಡೆಯ ಅಧ್ಯಾಯಗಳನ್ನು ಬರೆಯುತ್ತಿರುವವರದು ಇನ್ನೂ ಕಷ್ಟ. ಒಂದು ಕೈಯಲ್ಲಿ ಪ್ರಬಂಧ, ಇನ್ನೊಂದು ಕೈಯಲ್ಲಿ ಅರ್ಜಿ. ಪ್ರಬಂಧ ಮುಗಿಯದೆ ಕೆಲಸ ಸಿಗದು. ಕೆಲಸದ ಚಿಂತೆಯಲ್ಲಿ ಪ್ರಬಂಧ ಮುಗಿಯದು. ಕಳಿಸಿದ ಹತ್ತು ಅರ್ಜಿಗಳಲ್ಲಿ ಎಂಟಕ್ಕೆ ಉತ್ತರವೇ ಇರುವುದಿಲ್ಲ. ‘ಆಗುವುದಿಲ್ಲ’ ಎಂದಾದರೂ ಬರೆದಿದ್ದರೆ ಮನಸ್ಸಿಗೆ ಒಂದು ನೆಲೆ ಸಿಗುತ್ತಿತ್ತು. ಉತ್ತರವೇ ಬಾರದಿದ್ದಾಗ ‘ನನ್ನಲ್ಲೇ ಏನೋ ಕೊರತೆ ಇರಬೇಕು’ ಎಂಬ ಅನುಮಾನ ಮೆಲ್ಲಗೆ ತಲೆಯೊಳಗೆ ಗೂಡು ಕಟ್ಟುತ್ತದೆ. ಮನೆಯವರಿಗೂ ಅದೇ ಅನುಮಾನ ಹತ್ತಿಕೊಂಡರೆ ಮುಗಿದೇ ಹೋಯಿತು.

ಇಂಥ ಸ್ಥಿತಿಯಲ್ಲಿ ಸುಮಾರು ಎರಡು ವರ್ಷ ಕಳೆದ ತರುಣನೊಬ್ಬನ ಕಥೆ ವಿಜ್ಞಾನದ ಚರಿತ್ರೆಯಲ್ಲಿ ದಾಖಲಾಗಿದೆ. ಅವನು ಬರೆದ ಅರ್ಜಿಗಳು, ಅವನ ತಂದೆ ಬರೆದ ಕಾಗದ, ಗೆಳೆಯನಿಗೆ ಕೊಟ್ಟ ಉತ್ತರ ಎಲ್ಲವೂ ಉಳಿದು ಬಂದಿವೆ. ಆ ತರುಣನ ಹೆಸರು ಆಲ್ಬರ್ಟ್ ಐನ್‌ಸ್ಟೀನ್.

ಐನ್‌ಸ್ಟೀನ್ ಎಂದೊಡನೆ ‘ಶಾಲೆಯಲ್ಲಿ ದಡ್ಡನಾಗಿದ್ದವನು’ ಎಂಬ ಮಾತು ಬರುತ್ತದೆ. ಅದು ಸುಳ್ಳು. ಗಣಿತ, ಭೌತವಿಜ್ಞಾನಗಳಲ್ಲಿ ಅವನು ಮೊದಲಿನಿಂದಲೂ ಚುರುಕು. ಆದ್ದರಿಂದ ‘ದಡ್ಡನೂ ದೊಡ್ಡವನಾಗಬಹುದು’ ಎಂದು ಈ ಕಥೆಯಿಂದ ಸಮಾಧಾನ ಪಡಬೇಕಾಗಿಲ್ಲ. ಚುರುಕಾದವನಿಗೂ ಮೊದಲ ಕೆಲಸ ಏಕೆ ಸಿಗಲಿಲ್ಲ, ಕೊನೆಗೆ ಸಿಕ್ಕಿದ್ದು ಹೇಗೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಪಾಸಾದ ನಾಲ್ವರಲ್ಲಿ ನಾಲ್ಕನೆಯವನು

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿರುವ ಪಾಲಿಟೆಕ್ನಿಕ್ ಆಗ ಯುರೋಪಿನ ಹೆಸರಾಂತ ಸಂಸ್ಥೆ. ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರನ್ನು ತಯಾರು ಮಾಡುವ ಅದರ ವಿಭಾಗಕ್ಕೆ ಐನ್‌ಸ್ಟೀನ್ 1896ರಲ್ಲಿ ಸೇರಿದ. 1900ರ ಜುಲೈನಲ್ಲಿ ಕೊನೆಯ ಪರೀಕ್ಷೆ. ಕುಳಿತವರು ಐದು ಜನ, ಪಾಸಾದವರು ನಾಲ್ವರು. ಆರು ಅಂಕಗಳ ಮಾಪನದಲ್ಲಿ ಐನ್‌ಸ್ಟೀನನ ಸರಾಸರಿ 4.91, ನಾಲ್ವರಲ್ಲಿ ಅವನದು ನಾಲ್ಕನೇ ಸ್ಥಾನ. ಉಳಿದ ಮೂವರಿಗೆ ಅದೇ ಸಂಸ್ಥೆಯಲ್ಲಿ ಸಹಾಯಕರಾಗಿ ಕೆಲಸ ಸಿಕ್ಕಿತು. ಇವನೊಬ್ಬ ಹೊರಗುಳಿದ.

ಇದರಲ್ಲಿ ಅವನ ಪಾಲೂ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತರಗತಿಗಳಿಗೆ ಚಕ್ಕರ್ ಹೊಡೆದು ಕೋಣೆಯಲ್ಲಿ ಕುಳಿತು ತನಗೆ ಬೇಕಾದ ಪುಸ್ತಕ ಓದುವುದು ಅವನ ಅಭ್ಯಾಸ. ಪರೀಕ್ಷೆ ಬಂದಾಗ ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ಅಚ್ಚುಕಟ್ಟಾಗಿ ಬರೆದಿಟ್ಟ ಟಿಪ್ಪಣಿಗಳೇ ಗತಿ. ಪ್ರಾಯೋಗಿಕ ತರಗತಿಯಲ್ಲಿ ಶ್ರದ್ಧೆ ಸಾಲದೆಂದು 1899ರಲ್ಲಿ ಅಧಿಕೃತ ಛೀಮಾರಿಯೂ ಸಿಕ್ಕಿತ್ತು. ಆ ವಿಷಯದಲ್ಲಿ ಬಂದದ್ದು ಆರಕ್ಕೆ ಒಂದೇ ಅಂಕ. ಭೌತವಿಜ್ಞಾನದ ಮುಖ್ಯ ಪ್ರಾಧ್ಯಾಪಕರಾಗಿದ್ದ ಹೈನ್ರಿಕ್ ವೇಬರ್ ಅವರನ್ನು ‘ಪ್ರೊಫೆಸರ್’ ಎನ್ನದೆ ಬರೀ ‘ವೇಬರ್ ಅವರೇ’ ಎಂದು ಕರೆಯುತ್ತಿದ್ದನಂತೆ. ವೇಬರ್ ತಮಗೆ ಸಹಾಯಕರು ಬೇಕಾದಾಗ ಮೆಕ್ಯಾನಿಕಲ್ ಎಂಜಿನಿಯರುಗಳನ್ನು ತೆಗೆದುಕೊಂಡರೇ ಹೊರತು ಇವನ ಕಡೆ ನೋಡಲಿಲ್ಲ. ಹೊರಗೆ ಅರ್ಜಿ ಹಾಕಿದಾಗಲೂ ವೇಬರ್ ಅವರ ಅಭಿಪ್ರಾಯವೇ ಅಡ್ಡ ಬರುತ್ತಿದೆ ಎಂದು ಐನ್‌ಸ್ಟೀನ್ ಸಂಶಯಪಟ್ಟಿದ್ದ. ಸಂಶಯ ನಿಜವಿರಲಿ ಬಿಡಲಿ, ಒಳ್ಳೆಯ ಮಾತು ಬರೆದುಕೊಡುವ ಒಬ್ಬ ಗುರುವನ್ನೂ ಉಳಿಸಿಕೊಳ್ಳದೆ ಅವನು ಹೊರಗೆ ಬಂದಿದ್ದ ಎಂಬುದಂತೂ ನಿಜ. ಬುದ್ಧಿ ಎಷ್ಟೇ ಇದ್ದರೂ ಪ್ರಯೋಗಶಾಲೆಯ ಹಿರಿಯರೊಡನೆ ಮುಖ ಕೆಡಿಸಿಕೊಂಡರೆ ಅದರ ಬೆಲೆಯನ್ನು ತೆರಬೇಕಾಗುತ್ತದೆ.

ಬತ್ತಿ ಏರುವ ಎಣ್ಣೆ

ಓದುವಾಗ ಜಿನೋವಾದ ಬಂಧುಗಳು ತಿಂಗಳಿಗೆ 100 ಫ್ರಾಂಕ್ ಕಳಿಸುತ್ತಿದ್ದರು. ಪದವಿ ಸಿಕ್ಕೊಡನೆ ಅದು ನಿಂತಿತು. ತಂದೆ ಹರ್ಮನ್ ಅವರದು ವಿದ್ಯುತ್ ಉಪಕರಣಗಳ ವ್ಯಾಪಾರ. ಮ್ಯೂನಿಕ್‌ನಲ್ಲಿ, ಆಮೇಲೆ ಇಟಲಿಯ ಪಾವಿಯಾದಲ್ಲಿ ನಷ್ಟ ಅನುಭವಿಸಿ, ಈಗ ಮಿಲಾನ್‌ನಲ್ಲಿ ಸಾಲದ ನಡುವೆ ಉಸಿರು ಹಿಡಿದಿತ್ತು. ಅಂಥ ಮನೆಗೆ ಇಪ್ಪತ್ತೊಂದು ವರ್ಷದ, ಪದವಿ ಇದ್ದೂ ಕೆಲಸವಿಲ್ಲದ ಮಗ.

ಅವನು ಸುಮ್ಮನೆ ಕುಳಿತಿರಲಿಲ್ಲ. ಮನೆಪಾಠ ಹೇಳುತ್ತ 1900ರ ಕೊನೆಗೆ ತನ್ನ ಮೊದಲ ಸಂಶೋಧನಾ ಲೇಖನ ಬರೆದು ಮುಗಿಸಿದ. ಜರ್ಮನಿಯ ಪ್ರಸಿದ್ಧ ಪತ್ರಿಕೆ ‘ಅನ್ನಾಲೆನ್ ಡೆರ್ ಫಿಸಿಕ್’ ಅದನ್ನು 1901ರಲ್ಲಿ ಪ್ರಕಟಿಸಿತು. ವಿಷಯ ಲೋಮನಾಳ ಕ್ರಿಯೆ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದಲ್ಲ, ಸಪೂರ ಗಾಜಿನ ನಳಿಕೆಯಲ್ಲಿ ನೀರು ಏರಿ ನಿಲ್ಲುತ್ತದಲ್ಲ, ಅದೇ. ಈ ಏರಿಕೆಯ ಹಿಂದೆ ಅಣು ಅಣುವನ್ನು ಎಳೆಯುವ ಬಲವಿದೆ. ಆ ಬಲದ ಸ್ವರೂಪವನ್ನು ಲೆಕ್ಕದಿಂದ ಹಿಡಿಯಬಹುದೇ ಎಂಬುದು ಅವನ ಪ್ರಶ್ನೆ. ಉತ್ತರ ಸರಿ ಬರಲಿಲ್ಲ. ಕೆಲವು ವರ್ಷಗಳ ನಂತರ ಅವನೇ ಆ ಲೇಖನಕ್ಕೆ ಬೆಲೆಯಿಲ್ಲ ಎಂದುಬಿಟ್ಟ. ಆದರೆ ಕಣ್ಣಿಗೆ ಕಾಣದ ಅಣುವಿನ ಅಳತೆಯನ್ನು ಕಣ್ಣಿಗೆ ಕಾಣುವ ದ್ರವದಿಂದ ತಿಳಿಯಬೇಕು ಎಂಬ ಹಂಬಲ ಅಲ್ಲಿಂದ ಶುರುವಾಯಿತು. ಅದನ್ನು ಅವನು ಕೈಬಿಡಲಿಲ್ಲ.

ಮೂರು ದಿನ, ಮೂರು ಕಾಗದ

ಅಚ್ಚಾದ ಲೇಖನವೊಂದು ಕೈಯಲ್ಲಿದ್ದುದರಿಂದ ಅರ್ಜಿಗಳ ಸುರಿಮಳೆ ಆರಂಭವಾಯಿತು. ಉತ್ತರ ಸಮುದ್ರದಿಂದ ಇಟಲಿಯ ತುದಿಯವರೆಗಿನ ಭೌತವಿಜ್ಞಾನಿಗಳಿಗೆಲ್ಲ ತನ್ನ ಅರ್ಜಿಯ ಗೌರವ ಸಲ್ಲಲಿದೆ ಎಂದು ಅವನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ.

1901ರ ಮಾರ್ಚ್ 19ರಂದು ಲೈಪ್‌ಜಿಗ್‌ನ ಪ್ರಖ್ಯಾತ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಿಗೆ ಲೇಖನದ ಪ್ರತಿಯೊಡನೆ ಕಾಗದ ಹಾಕಿದ. ಉತ್ತರವಿಲ್ಲ. ಹದಿನೈದು ದಿನ ಬಿಟ್ಟು, ಏಪ್ರಿಲ್ 3ರಂದು ಇನ್ನೊಂದು ಕಾರ್ಡು: ಮೊದಲ ಕಾಗದದಲ್ಲಿ ವಿಳಾಸ ಬರೆದಿದ್ದೆನೋ ಇಲ್ಲವೋ ನೆನಪಿಲ್ಲ, ವಿಳಾಸ ಇದು ಎಂದು. ಇದು ನೆನಪು ಮಾಡಲು ಹೂಡಿದ ನೆಪ ಎಂದು ಯಾರಿಗಾದರೂ ತಿಳಿಯುತ್ತದೆ. ಅದಕ್ಕೂ ಉತ್ತರವಿಲ್ಲ.

ಏಪ್ರಿಲ್ 12ರಂದು ಹಾಲೆಂಡಿನ ಲೈಡನ್‌ಗೆ, ಕ್ಯಾಮರ್ಲಿಂಗ್ ಓನೆಸ್ ಅವರಿಗೆ, ಇನ್ನೊಂದು ಅರ್ಜಿ. ಇದು ಉತ್ತರ ಬರೆಯಲು ಇನ್ನೊಂದು ಖಾಲಿ ಕಾರ್ಡನ್ನು ಜೊತೆಗೇ ಅಂಟಿಸಿಕೊಂಡ ಜೋಡಿ ಕಾರ್ಡು. ಅಂಚೆ ವೆಚ್ಚವೂ ಮೊದಲೇ ಪಾವತಿ. ಓನೆಸ್ ನಾಲ್ಕು ಅಕ್ಷರ ಗೀಚಿ ಡಬ್ಬಿಗೆ ಹಾಕಿದ್ದರೆ ಸಾಕಿತ್ತು. ಅವರು ಹಾಕಲಿಲ್ಲ. ಲೈಡನ್‌ನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಆ ಕಾರ್ಡು ಇದೆ. ಉತ್ತರದ ಭಾಗ ಖಾಲಿಯಾಗಿಯೇ ಉಳಿದಿದೆ.

ಮಾರನೆಯ ದಿನ, ಏಪ್ರಿಲ್ 13ರಂದು, ಮಿಲಾನ್‌ನಿಂದ ಇನ್ನೊಂದು ಕಾಗದ ಹೊರಟಿತು. ಬರೆದವರು ತಂದೆ ಹರ್ಮನ್. ಪರಿಚಯವೇ ಇಲ್ಲದ ಓಸ್ಟ್‌ವಾಲ್ಡ್ ಅವರಿಗೆ, ಮಗನಿಗೆ ಗೊತ್ತಾಗದಂತೆ. ಮೊದಲು ಕ್ಷಮೆ ಕೇಳುತ್ತಾರೆ. ಮಗ ಕೆಲಸವಿಲ್ಲದೆ ಬಹಳ ನೊಂದಿದ್ದಾನೆ, ಹಳಿ ತಪ್ಪಿಬಿಟ್ಟೆನೆಂಬ ಭಾವನೆ ಅವನಲ್ಲಿ ದಿನದಿನಕ್ಕೆ ಬಲಿಯುತ್ತಿದೆ, ಸ್ಥಿತಿವಂತರಲ್ಲದ ನಮಗೆ ತಾನು ಹೊರೆಯಾಗಿದ್ದೇನೆಂಬ ಕೊರಗೂ ಇದೆ ಎಂದು ತಿಳಿಸುತ್ತಾರೆ. ಅವನ ಲೇಖನ ಓದಿ ಉತ್ಸಾಹ ತುಂಬುವ ಎರಡು ಮಾತು ಬರೆಯಿರಿ, ಸಾಧ್ಯವಾದರೆ ಸಹಾಯಕನ ಕೆಲಸ ಕೊಡಿ ಎಂದು ಬೇಡುತ್ತಾರೆ. ತಾವು ಬರೆದದ್ದು ಮಗನಿಗೆ ಗೊತ್ತಿಲ್ಲ ಎಂದೂ ಸೇರಿಸುತ್ತಾರೆ.

ಮಗ ಹೊರಗೆ ತಮಾಷೆ ಮಾಡುತ್ತಿದ್ದರೂ ಒಳಗೆ ಏನಾಗುತ್ತಿದೆ ಎಂಬುದು ಆ ತಂದೆಗೆ ಕಾಣಿಸಿತ್ತು. ಆ ಕಾಗದದಿಂದ ಕೆಲಸವೇನೂ ಹುಟ್ಟಲಿಲ್ಲ.

ಕೆಲಸ ಹುಟ್ಟಿದ್ದು ಬೇರೊಂದು ಕಾಗದದಿಂದ. ಟಿಪ್ಪಣಿ ಕೊಡುತ್ತಿದ್ದ ಗೆಳೆಯ ಗ್ರಾಸ್‌ಮನ್ ತನ್ನ ತಂದೆಗೆ ಐನ್‌ಸ್ಟೀನನ ಪಾಡು ಹೇಳಿದ್ದ. ಆ ತಂದೆಗೆ ಬರ್ನ್ ನಗರದ ಸ್ವಿಸ್ ಪೇಟೆಂಟ್ ಕಚೇರಿಯ ನಿರ್ದೇಶಕ ಫ್ರೀಡ್ರಿಕ್ ಹಾಲರ್ ಪರಿಚಿತರು, ಮಾತಾಡುತ್ತೇನೆಂದರು. ಗೆಳೆಯ ಅದನ್ನು ಬರೆದು ತಿಳಿಸಿದ. ಐನ್‌ಸ್ಟೀನ್ ಕೃತಜ್ಞತೆಯ ಉತ್ತರ ಬರೆದದ್ದು ಏಪ್ರಿಲ್ 14ರಂದು. ಹನ್ನೆರಡಕ್ಕೆ ಓನೆಸ್, ಹದಿಮೂರಕ್ಕೆ ಅಪ್ಪ, ಹದಿನಾಲ್ಕಕ್ಕೆ ಗ್ರಾಸ್‌ಮನ್. ಮೂರರಲ್ಲಿ ಫಲ ಕೊಟ್ಟದ್ದು ಅವನನ್ನು ನಾಲ್ಕು ವರ್ಷ ಪಕ್ಕದಲ್ಲೇ ಕಂಡು ಬಲ್ಲವನ ದಾರಿಯೊಂದೇ.

ಇದನ್ನು ‘ವಶೀಲಿ’ ಎಂದು ಮೂಗು ಮುರಿಯುವವರು ಇರಬಹುದು. ಒಬ್ಬನ ಯೋಗ್ಯತೆ ಬಲ್ಲವನು ಅದನ್ನು ಬಲ್ಲೆನೆಂದು ಹೇಳುವುದಕ್ಕೂ, ಅಯೋಗ್ಯನನ್ನು ಒಳಗೆ ತುರುಕುವುದಕ್ಕೂ ವ್ಯತ್ಯಾಸವಿದೆ. ಹುದ್ದೆ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಯಿತು, ಐನ್‌ಸ್ಟೀನ್ ಅರ್ಜಿ ಹಾಕಿದ, ಹಾಲರ್ ಅವನನ್ನು ಮುಖತಃ ಕಂಡು ವಿಚಾರಿಸಿಯೇ ತೆಗೆದುಕೊಂಡರು. ಗೆಳೆಯ ಬಾಗಿಲು ತೋರಿಸಿದ್ದ ಅಷ್ಟೆ.

ಹದಿನಾಲ್ಕು ತಿಂಗಳು

ಆದರೆ ಗ್ರಾಸ್‌ಮನ್‌ನ ಕಾಗದಕ್ಕೂ ನೇಮಕದ ಆದೇಶಕ್ಕೂ ನಡುವೆ ಹದಿನಾಲ್ಕು ತಿಂಗಳು. ಇಷ್ಟು ಕಾಲ ಹೊಟ್ಟೆ ಹೊರೆಯಬೇಕಲ್ಲ. 1901ರ ಮೇ ತಿಂಗಳ ನಡುವಿನಿಂದ ಎರಡು ತಿಂಗಳು ವಿಂಟರ್‌ಥೂರ್‌ನ ತಾಂತ್ರಿಕ ಶಾಲೆಯಲ್ಲಿ ಬದಲಿ ಉಪಾಧ್ಯಾಯ. ಬೆಳಗ್ಗೆ ಐದಾರು ಗಂಟೆ ಪಾಠ ಹೇಳಿದ ಮೇಲೂ ಸಂಜೆ ಓದಲು ಚೈತನ್ಯ ಉಳಿಯುತ್ತದೆ ಎಂಬುದು ಅವನಿಗೇ ಹೊಸ ಸಂಗತಿಯಾಯಿತು. ಸೆಪ್ಟೆಂಬರ್‌ನಿಂದ ಶಾಫ್‌ಹೌಸನ್‌ನ ಖಾಸಗಿ ಶಾಲೆಯೊಂದರಲ್ಲಿ ಒಬ್ಬ ಇಂಗ್ಲಿಷ್ ಹುಡುಗನಿಗೆ ಪಾಠ.

ನಡುವೆ ಡಾಕ್ಟರೇಟಿನ ಕೆಲಸವೂ ಸಾಗಿತ್ತು. ಪಾಲಿಟೆಕ್ನಿಕ್‌ಗೆ ಆಗ ಡಾಕ್ಟರೇಟ್ ಕೊಡುವ ಅಧಿಕಾರವಿರಲಿಲ್ಲ. ಹಾಗಾಗಿ 1901ರ ನವೆಂಬರ್‌ನಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದ. 1902ರ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಂಡ. ಕಟ್ಟಿದ್ದ 230 ಫ್ರಾಂಕ್ ಶುಲ್ಕ ಮರಳಿ ಬಂತು. ತಿಂಗಳಿಗೆ ನೂರು ಫ್ರಾಂಕ್‌ನಲ್ಲಿ ಓದು ಮುಗಿಸಿದವನಿಗೆ ಅದೇನೂ ಸಣ್ಣ ಮೊತ್ತವಲ್ಲ. ಆ ಹೊತ್ತಿಗೆ ಅವನ ಬಳಿ ಡಾಕ್ಟರೇಟೂ ಇಲ್ಲ, ಕೆಲಸವೂ ಇಲ್ಲ.

ಆದೇಶ ಬರುವ ಮೊದಲೇ ಬರ್ನ್‌ಗೆ ಹೋಗಿ ಕೋಣೆ ಹಿಡಿದ. ಗಣಿತ, ಭೌತವಿಜ್ಞಾನದ ಮನೆಪಾಠ ಹೇಳಲಾಗುವುದು, ಮೊದಲ ಪಾಠ ಉಚಿತ ಎಂದು ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಜಾಹೀರಾತು ನೋಡಿ ಬಂದವರಲ್ಲಿ ಮಾರಿಸ್ ಸೊಲೊವಿನ್ ಎಂಬ ವಿದ್ಯಾರ್ಥಿ ಒಬ್ಬ. ಪಾಠ ನಿಂತು ಹರಟೆ ಬೆಳೆಯಿತು; ಕಾನ್ರಾಡ್ ಹಾಬಿಕ್ಟ್ ಎಂಬ ಇನ್ನೊಬ್ಬ ಜೊತೆಗೂಡಿದ. ಮೂವರೂ ಸಂಜೆ ಸೇರಿ ತತ್ವಶಾಸ್ತ್ರ, ವಿಜ್ಞಾನದ ಗ್ರಂಥಗಳನ್ನು ಓದಿ ವಾದಿಸುವ ಕೂಟಕ್ಕೆ ‘ಒಲಿಂಪಿಯಾ ಅಕಾಡೆಮಿ’ ಎಂದು ತಾವೇ ದೊಡ್ಡ ಹೆಸರಿಟ್ಟುಕೊಂಡರು. ಸಂಸ್ಥೆಗಳು ಸೇರಿಸಿಕೊಳ್ಳದಿದ್ದಾಗ ಮೂರು ಜನರ ಓದುಕೂಟವೇ ಅವನ ವಿಶ್ವವಿದ್ಯಾಲಯವಾಯಿತು.

ಮೂರನೇ ದರ್ಜೆಯ ತಜ್ಞ

1902ರ ಜೂನ್ 16ರಂದು ನೇಮಕ: ಮೂರನೇ ದರ್ಜೆಯ ತಾಂತ್ರಿಕ ತಜ್ಞ, ಅದೂ ತಾತ್ಕಾಲಿಕ. ಸಂಬಳ ವರ್ಷಕ್ಕೆ 3500 ಫ್ರಾಂಕ್. ಜೂನ್ 23ರಿಂದ ಕೆಲಸ. ಪದವಿ ಪಡೆದು ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ.

ಅದೇ ಅಕ್ಟೋಬರ್ 10ರಂದು ತಂದೆ ಹರ್ಮನ್ ತೀರಿಕೊಂಡರು. ಮಗನಿಗೆ ಒಂದು ನೆಲೆ ಸಿಕ್ಕಿತು ಎಂಬುದನ್ನಷ್ಟೇ ಅವರು ಕಂಡರು. ಆಮೇಲಿನದೇನನ್ನೂ ಕಾಣಲಿಲ್ಲ.

ಪೇಟೆಂಟ್ ಕಚೇರಿಯ ಕೆಲಸ ಗುಮಾಸ್ತಗಿರಿ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಹೊಸ ಯಂತ್ರ ಕಂಡುಹಿಡಿದೆನೆಂದು ಬಂದವರ ನಕ್ಷೆ, ವಿವರಣೆಗಳನ್ನು ಓದಿ, ಅದರ ತಿರುಳೇನು, ಹೊಸತೇನು, ಹೇಳಿದಂತೆ ನಡೆದೀತೇ ಎಂದು ಪರೀಕ್ಷಿಸಬೇಕು. ಬರೆದದ್ದನ್ನು ನಂಬದೆ ಅನುಮಾನದಿಂದಲೇ ನೋಡಬೇಕು ಎಂಬುದು ಹಾಲರ್ ಕಲಿಸಿದ ಪಾಠ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ. ಉಳಿದ ಹೊತ್ತು ಅವನದೇ. ನಮ್ಮ ದೇಶದ ಪೇಟೆಂಟ್ ಕಚೇರಿಗಳಲ್ಲಿ ಇಂದು ಇಂಥದೇ ಪರೀಕ್ಷಕರ ಕೆಲಸ ಮಾಡುವವರೂ ವಿಜ್ಞಾನ, ಎಂಜಿನಿಯರಿಂಗ್ ಓದಿದವರೇ. ‘ಎಂ.ಎಸ್ಸಿ. ಮಾಡಿ ಉಪನ್ಯಾಸಕನಾಗದಿದ್ದರೆ ಓದಿದ್ದು ದಂಡ’ ಎನ್ನುವ ಮನೆಗಳು ಇದನ್ನು ಗಮನಿಸಬೇಕು.

ಆ ‘ಉಳಿದ ಹೊತ್ತಿನಲ್ಲಿ’ ಅವನು ಮಾಡಿದ್ದು ಎಲ್ಲರಿಗೂ ಗೊತ್ತು. 1905ರಲ್ಲಿ ಬೆಳಕಿನ ಕಣಗಳು, ಬ್ರೌನಿಯನ್ ಚಲನೆ, ಸಾಪೇಕ್ಷತೆ ಕುರಿತ ಲೇಖನಗಳು. ಅದೇ ವರ್ಷ ಡಾಕ್ಟರೇಟ್ ಪ್ರಬಂಧವೂ ಸಿದ್ಧವಾಯಿತು. ಸಕ್ಕರೆ ಕರಗಿಸಿದ ನೀರು ಬರೀ ನೀರಿಗಿಂತ ನಿಧಾನವಾಗಿ ಹರಿಯುತ್ತದೆ. ಎಷ್ಟು ನಿಧಾನ ಎಂಬುದರಿಂದ ಮತ್ತು ಸಕ್ಕರೆ ನೀರಿನಲ್ಲಿ ಹರಡಿಕೊಳ್ಳುವ ವೇಗದಿಂದ ಸಕ್ಕರೆಯ ಅಣು ಎಷ್ಟು ದೊಡ್ಡದು ಎಂದು ಲೆಕ್ಕ ಹಾಕುವುದೇ ಪ್ರಬಂಧದ ವಿಷಯ. ಬತ್ತಿಯ ಎಣ್ಣೆಯಿಂದ ತಿಳಿಯಲಾಗದ್ದು ಐದು ವರ್ಷಗಳ ಮೇಲೆ ಸಕ್ಕರೆ ನೀರಿನಿಂದ ತಿಳಿಯಿತು. ಕೆಲಸವಿಲ್ಲದ ದಿನಗಳಲ್ಲಿ ಹಿಡಿದ ಎಳೆಯನ್ನು ಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಪ್ರಬಂಧವನ್ನು ಅವನು ಅರ್ಪಿಸಿದ್ದು ಗ್ರಾಸ್‌ಮನ್‌ಗೆ.

ಉತ್ತರ ಬರೆಯದಿದ್ದ ಹಿರಿಯರು? ಓಸ್ಟ್‌ವಾಲ್ಡ್ 1909ರಲ್ಲಿ ನೊಬೆಲ್ ಪಡೆದರು. ಐನ್‌ಸ್ಟೀನನ ಹೆಸರನ್ನು ನೊಬೆಲ್‌ಗೆ ಮೊಟ್ಟಮೊದಲು, 1910ರ ಬಹುಮಾನಕ್ಕೆ, ಸೂಚಿಸಿದವರು ಅವರೇ. ಓನೆಸ್ ಅವರ ಲೈಡನ್ ವಿಶ್ವವಿದ್ಯಾಲಯ 1920ರಲ್ಲಿ ಅವನಿಗೆ ಗೌರವದ ಪ್ರಾಧ್ಯಾಪಕ ಸ್ಥಾನ ನೀಡಿತು. ಅಂದರೆ 1901ರ ಮೌನ ಅವನ ಯೋಗ್ಯತೆಯ ಮೇಲಿನ ತೀರ್ಪಾಗಿರಲಿಲ್ಲ. ಮೇಜಿನ ಮೇಲೆ ಅಂಥ ಕಾಗದಗಳು ರಾಶಿ ಬೀಳುತ್ತವೆ. ಬಹುಪಾಲು ಮೌನಕ್ಕೆ ಇಷ್ಟೇ ಅರ್ಥ. ಇಂದಿನ ಇ-ಮೇಲ್ ಅರ್ಜಿಗಳಿಗೂ ಈ ಮಾತು ಸಲ್ಲುತ್ತದೆ.

ಐದನೆಯ ಹೆಸರು

1900ರ ಪರೀಕ್ಷೆಗೆ ಕುಳಿತ ಐವರಲ್ಲಿ ಪಾಸಾಗದವಳು ಮಿಲೇವಾ ಮಾರಿಚ್, ಅವರಲ್ಲಿ ಒಬ್ಬಳೇ ಹೆಣ್ಣುಮಗಳು. ಐನ್‌ಸ್ಟೀನ್ ಮುಂದೆ 1903ರ ಜನವರಿಯಲ್ಲಿ ಮದುವೆಯಾದದ್ದು ಆಕೆಯನ್ನೇ. 1901ರ ಜುಲೈನಲ್ಲಿ ಆಕೆ ಮತ್ತೆ ಪರೀಕ್ಷೆಗೆ ಕುಳಿತಳು. ಆಗ ಗರ್ಭಿಣಿ, ಮದುವೆ ಆಗಿರಲಿಲ್ಲ. ಎರಡನೇ ಸಲವೂ ಕೈಕೊಟ್ಟಿತು. ಡಾಕ್ಟರೇಟಿನ ಆಸೆ ಅಲ್ಲಿಗೇ ಮುಗಿಯಿತು. ಅವನಿಗೆ ಗೆಳೆಯನ ತಂದೆ ಸಿಕ್ಕರು, ಎರಡು ವರ್ಷ ಕಾಯುವ ಅವಕಾಶ ಸಿಕ್ಕಿತು. ಆಕೆಗೆ ಅಂಥ ಅವಕಾಶ ಸಿಗಲಿಲ್ಲ. ಮಗನಾದರೆ ‘ಇನ್ನೊಂದು ವರ್ಷ ನೋಡಲಿ’, ಮಗಳಾದರೆ ‘ಇಷ್ಟು ಓದಿದ್ದು ಸಾಕು’ ಎನ್ನುವ ಪಾಲಕರು ಈ ಐದನೆಯ ಹೆಸರನ್ನೂ ನೆನಪಿಡಬೇಕು.

ಕೋಲ್ಕತ್ತದ ಲೆಕ್ಕಪತ್ರಾಧಿಕಾರಿ

ಇದು ಯುರೋಪಿನ ಕಥೆಯಾಯಿತು ಎನ್ನುವವರಿಗೆ ಬೆಂಗಳೂರಿಗೆ ಸೇರಿದ ಉದಾಹರಣೆಯೇ ಇದೆ. ಸಿ.ವಿ. ರಾಮನ್ 1907ರಲ್ಲಿ ಮದ್ರಾಸಿನಲ್ಲಿ ಎಂ.ಎ. ಮುಗಿಸಿದಾಗ ದೇಶದಲ್ಲಿ ಸಂಶೋಧಕನಾಗಿ ಬದುಕಲು ಹುದ್ದೆಗಳೇ ಇರಲಿಲ್ಲ ಎನ್ನಬಹುದು. ಅವರು ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕೋಲ್ಕತ್ತದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಕಚೇರಿಗೆ ಮುಂಚೆ, ಕಚೇರಿಯ ನಂತರ ‘ಇಂಡಿಯನ್ ಅಸೋಸಿಯೇಷನ್’ನ ಪ್ರಯೋಗಶಾಲೆಯಲ್ಲಿ ಕೆಲಸ. ಹೀಗೆ ಹತ್ತು ವರ್ಷ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಬಂದಾಗ ಹೆಚ್ಚಿನ ಸಂಬಳದ ಸರ್ಕಾರಿ ನೌಕರಿ ಬಿಟ್ಟು ಅಲ್ಲಿಗೆ ಹೋದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು 1933ರಲ್ಲಿ. ಲೆಕ್ಕಪತ್ರದ ಕೆಲಸ ಅವರ ವಿಜ್ಞಾನವನ್ನು ಕೊಲ್ಲಲಿಲ್ಲ. ಅದಕ್ಕೆ ಅನ್ನ ಹಾಕಿತು.

ಮನೆಯವರೂ ಮಕ್ಕಳೂ

ಎಲ್ಲರೂ ಐನ್‌ಸ್ಟೀನ್ ಆಗುವುದಿಲ್ಲ, ರಾಮನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಕಾಯುವ ಕಾಲ ಎಲ್ಲರಿಗೂ ಬರುತ್ತದೆ. ಆ ಕಾಲಕ್ಕೆ ಈ ಕಥೆಯಿಂದ ಕೆಲವು ಮಾತುಗಳನ್ನು ಎತ್ತಿಟ್ಟುಕೊಳ್ಳಬಹುದು.

ಕಾಲೇಜು ಬಿಡುವ ಮುನ್ನ ಕನಿಷ್ಠ ಇಬ್ಬರು ಅಧ್ಯಾಪಕರಾದರೂ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿರಬೇಕು. ಅರ್ಜಿ ಚಿಕ್ಕದಾಗಿರಲಿ, ಜೊತೆಗೆ ಮಾಡಿದ ಕೆಲಸದ ಒಂದು ಮಾದರಿ ಇರಲಿ: ಪ್ರಾಜೆಕ್ಟ್ ವರದಿಯೋ, ಲೇಖನವೋ. ಉತ್ತರ ಬಾರದಿದ್ದರೆ ಹದಿನೈದು ದಿನಕ್ಕೆ ಒಮ್ಮೆ ನೆನಪಿಸಿ, ಆಮೇಲೆ ಅದನ್ನು ಮರೆತು ಮುಂದಿನ ಅರ್ಜಿ ಬರೆಯಿರಿ. ಕೆಲಸ ಹುಡುಕುತ್ತಿದ್ದೇನೆ ಎಂದು ಸಹಪಾಠಿಗಳಿಗೆ, ಹಿಂದಿನ ವರ್ಷ ಓದಿ ಹೊರಬಿದ್ದವರಿಗೆ ಹೇಳಲು ನಾಚಬೇಡಿ. ಸಿಕ್ಕ ಮೊದಲ ಕೆಲಸವನ್ನು ಅದರ ಹೆಸರಿನಿಂದ ಅಳೆಯದೆ, ಸಂಜೆ ಎರಡು ಗಂಟೆ ಓದಿಗೆ ಬಿಡುತ್ತದೆಯೇ ಎಂದು ನೋಡಿ.

ಪಾಲಕರಿಗೆ ಒಂದೇ ಮಾತು. ಹರ್ಮನ್ ಅವರಂತೆ ಮಕ್ಕಳ ಪರವಾಗಿ ದೊಡ್ಡವರಿಗೆ ಬರೆದರೆ ಪ್ರಯೋಜನವಾಗುವುದು ಅಪರೂಪ. ಆದರೆ ಹರ್ಮನ್ ಕಂಡಂತೆ ಕಾಣುವುದು ಎಲ್ಲರಿಂದಲೂ ಸಾಧ್ಯ. ಕೆಲಸವಿಲ್ಲದ ಮಗ ಅಥವಾ ಮಗಳು ಸೋಮಾರಿಯಾಗಿ ಕುಳಿತಿದ್ದಾರೋ, ಒಳಗೊಳಗೇ ಕುಗ್ಗಿ ಕುಳಿತಿದ್ದಾರೋ ಎಂಬುದನ್ನು ಪಕ್ಕದ ಮನೆಯವರು ಹೇಳಲಾರರು, ಹೆತ್ತವರಿಗೆ ತಿಳಿಯುತ್ತದೆ. ಸೋಮಾರಿಯಾದರೆ ಗದರಿಸಿ. ಕುಗ್ಗಿದ್ದರೆ, ಪಕ್ಕದ ಮನೆಯ ಹುಡುಗನ ಸಂಬಳದ ಸುದ್ದಿಯನ್ನು ಊಟದ ಎಲೆಯ ಮುಂದೆ ತರಬೇಡಿ. ಓದು ಮುಂದುವರಿಸಲು ಮನೆಯಲ್ಲಿ ಒಂದು ಮೂಲೆ, ಎರಡು ಹೊತ್ತು ಊಟ, ಇನ್ನೊಂದಷ್ಟು ತಿಂಗಳ ತಾಳ್ಮೆ, ಇವಿಷ್ಟನ್ನು ಕೊಟ್ಟರೆ ಸಾಕು.